ನಿದ್ದೆ ಬರುತ್ತಾ ಅಂತ ಕೇಳಿದ್ರಿ

ಬರುತ್ತೆ ಡಾಕ್ಟ್ರೇ, ಸಿಂಗಲ್ ಫೇಸಲ್ಲಿ.
ಮೋಟ್ರು ಎತ್ತೋವಷ್ಟು ಇರಲ್ಲ ಅದು.

ತ್ರೀ ಫೇಸ್ ಕೊಡೋದು ರಾತ್ರಿ ಎರಡಕ್ಕೆ,
ಒಂದೊಂದಿನ ಮೂರಕ್ಕೆ, ಒಂದೊಂದಿನ ಕೊಟ್ಟು ಕಿತ್ಕೊಳ್ತಾರೆ.
ಅಷ್ಟರಲ್ಲಿ ಟ್ಯಾಂಕು ತುಂಬಬೇಕು.
ಸಾವಿರದ ನಾನೂರು ಅಡಿ ಬೋರು.
ಪೈಪಿಗೆ ಕಿವಿಯಿಟ್ಟರೆ ಮೊದಲು ಗಾಳಿ,
ನಮ್ಮತ್ತೆ ಕೆಮ್ಮಿದ ಹಾಗೆ,
ಆಮೇಲೆ ಕೆಸರು,
ಆಮೇಲೆ, ಪುಣ್ಯ ಇದ್ರೆ, ನೀರು.

ಬಿಲ್ಲು ಏರಿದೆ, ಬೇಗ ಆಫ್ ಮಾಡಮ್ಮ ಅಂತಾರೆ ಪಿಡಿಒ ಸಾರು.
ನಮ್ಮ ಬೀದಿ ತುಂಬೋವರೆಗೂ ಮುಟ್ಟಬೇಡ ಅಂತಾರೆ ಮೆಂಬರು.
ಅವರ ಮಾವಿನ ತೋಪಿಗೂ ಒಂದು ಪೈಪು ಹೋಗಿದೆ,
ಅದು ನನಗೆ ಗೊತ್ತಿಲ್ಲ.
ಬೈಯೋದು ತೆಲುಗಲ್ಲಿ, ನೋಟಿಸ್ ಕೊಡೋದು ಕನ್ನಡದಲ್ಲಿ.
ಬ್ಲೀಚಿಂಗ್ ಹಾಕಿದ್ರೆ ವಾಸನೆ ಅಂತ ಜಗಳ,
ಹಾಕದಿದ್ರೆ ಆಶಾ ಅಕ್ಕ ಶೀಸೆಯಲ್ಲಿ ನೀರು ಹಿಡಿದು
ಹಳದಿ ಬರಲಿಲ್ಲ ಅಂತ ಬರ್ಕೊಂಡು ಹೋಗ್ತಾಳೆ.
ಕೆಳಗಿನ ಕೇರಿ ಹೆಂಗಸರು, ನನ್ನ ಕೇರಿ ಅದು,
ಏನೂ ಅನ್ನಲ್ಲ.
ಖಾಲಿ ಬಿಂದಿಗೆ ಸಾಲಾಗಿಟ್ಟು
ನನ್ನ ಮುಖ ನೋಡ್ತಾರೆ.

ಪುಸ್ತಕದಲ್ಲಿ ನನ್ನ ಕೆಲಸ ವಾಟರ್‌ಮ್ಯಾನು.
ಹೆಸರು ಇನ್ನೂ ಗಂಡಂದೇ, ಗಂಗುಲಪ್ಪ.
ಟ್ಯಾಂಕಿನ ಏಣಿಯಿಂದ ಬಿದ್ದು ಹೋದವನು
ಆರು ವರ್ಷದಿಂದ ನನ್ನ ಕೈಯಲ್ಲಿ ಸಹಿ ಹಾಕ್ತಾ ಇದಾನೆ.
ಐದು ತಿಂಗಳಿಂದ ಸಂಬಳ ಅವನಿಗೂ ಇಲ್ಲ, ನನಗೂ ಇಲ್ಲ.
ಪರ್ಮನೆಂಟ್ ಯಾವಾಗ ಸಾರ್ ಅಂದೆ.
ಬಾಯಾರಿಕೆ ಪರ್ಮನೆಂಟಮ್ಮ ಅಂತ ನಕ್ಕರು.
ನಾನೂ ನಕ್ಕೆ. ಅದೇ ನನಗೆ ಆಮೇಲೆ ಭಯ ಆಗಿದ್ದು.

ಎದೆ ಬಡಿಯುತ್ತಾ, ತಲೆ ಸುತ್ತುತ್ತಾ ಅಂತ ಕೇಳ್ತೀರಿ.
ಕೈ ನೋಡಿ ಸ್ವಾಮಿ.
ಮೊನ್ನೆ ರಾತ್ರಿ ಮಗಳು ಕಿರುಚಿ ಎಬ್ಬಿಸಿದ್ಳು,
ನಿದ್ದೆಯಲ್ಲಿ ಅವಳ ಜಡೆ ಹಿಡ್ಕೊಂಡು
ಬಿಗಿಯಾಗಿ ತಿರುಗಿಸ್ತಾ ಇದ್ನಂತೆ,
ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು,
ಯಾರಿಗೆ ಬಿಡಲಿ, ಯಾರಿಗೆ ನಿಲ್ಲಿಸಲಿ ಅಂತ.
ಈಗ ಅವಳು ಪಕ್ಕದ ಮನೇಲಿ ಮಲಗ್ತಾಳೆ.

ಊಟ ಆದ್ಮೇಲೆ ಒಂದು ಮಾತ್ರೆ ಅಂದ್ರಿ.
ನುಂಗಿದ್ರೆ ಎರಡು ಗಂಟೆಗೆ ಏಳೋದ್ಯಾರು?
ಅರ್ಧ ತಗೊಳ್ಳಲಾ?
ರಜಾ ಚೀಟಿ ಬೇಡಿ, ಕೊಟ್ಟರೆ
ಗಂಗುಲಪ್ಪನ ಹೆಸರಲ್ಲಿ ಕೊಡಬೇಕಾಗುತ್ತೆ.

ರಾಯಲ್ಪಾಡಿನ ಬಸ್ಸು ಹನ್ನೊಂದೂವರೆಗೆ. ಹೊರಡ್ತೀನಿ.
ನೀವು ಕೈ ತೊಳೆಯೋ ಆ ನಲ್ಲಿ, ಡಾಕ್ಟ್ರೇ,
ವಾಷರ್ ಹೋಗಿದೆ,
ನಾನು ಬಂದಾಗಿಂದ ತೊಟ್ಟಿಕ್ತಾ ಇದೆ,
ನಿಮಗೆ ಕೇಳಿಸ್ತಾ ಇಲ್ವಾ?
ಒಂದ್ನಿಮಿಷ,
ಬಿಗಿ ಮಾಡಿ ಹೋಗ್ತೀನಿ.