ಮೂರಕ್ಕೂ ನಾಲ್ಕಕ್ಕೂ ನಡುವೆ

ರೂವಿ ಹೈಸ್ಟ್ರೀಟು, ಎರಡನೇ ಮಹಡಿ.
ಮೆಟ್ಟಿಲು ಹತ್ತಿಯೇ ಹೋದೆ;
ಆ ಕಟ್ಟಡದ ಲಿಫ್ಟಿನ ಹಗ್ಗ ಉಜ್ಜುವ ಸದ್ದು
ಹದಿನಾರು ವರ್ಷ ಅದನ್ನೇ ಕೇಳಿದ ಕಿವಿಗೆ ಹಿಡಿಸಲಿಲ್ಲ.
ಗಾಜಿನ ಬಾಗಿಲಿಗೆ ಕಾಂಗರೂ ಸ್ಟಿಕ್ಕರು,
ಬಿಸಿಲಿಗೆ ಒಂದು ಕಿವಿ ಸುಲಿದಿತ್ತು.

‘ನೀವು ಕನ್ನಡದವರಾ?’ ಅಂದರು ಲವೀನಾ ಮೇಡಂ.
ಅಷ್ಟಕ್ಕೇ ನನ್ನ ಭುಜ ಎರಡಿಂಚು ಸಡಿಲಾಯಿತು.
ಆಮೇಲೆ ಚೀಟಿ ತಿರುಗಿಸಿ ಇಟ್ಟರು:
ಒಂಬೈನೂರ ಎಂಬತ್ತು ರಿಯಾಲು, ಮೂರು ಕಂತು.
ಭಾಷೆಗೆ ರಿಯಾಯಿತಿ ಇರಲಿಲ್ಲ.

ವಯಸ್ಸಿಗೆ ಇಷ್ಟು ಅಂಕ, ಇಂಗ್ಲಿಷಿಗೆ ಇಷ್ಟು,
‘ಮಾರ್ಚ್ ಹನ್ನೊಂದಕ್ಕೆ ನಲವತ್ತು ತುಂಬುತ್ತಲ್ಲ,
ಆವತ್ತು ಎದ್ದಾಗ ಹತ್ತು ಅಂಕ ಕಮ್ಮಿ ಇರುತ್ತೆ.’
ಮುಪ್ಪಿನ ಬಗ್ಗೆ ಇಷ್ಟು ಖಚಿತವಾಗಿ
ನನಗೆ ಯಾರೂ ಹೇಳಿರಲಿಲ್ಲ.

ಪಾಸ್‌ಪೋರ್ಟು ಹಿಂದಕ್ಕೆ ಹಿಂದಕ್ಕೆ ಮಗುಚಿದರು.
ಹಳೇ ವೀಸಾದ ಹತ್ತಿರ ಬೆರಳು ನಿಂತಿತು.
‘ಇಲ್ಲಿ ಕ್ಲೀನರ್ ಅಂತಿದೆ?’

ಇದೆ.
ಮಾಹೀಮಿನ ಒಂದು ಓಣಿಯಲ್ಲಿ, ಫ್ಯಾನಿಲ್ಲದ ಖೋಲಿಯಲ್ಲಿ,
ಅಕ್ಕನ ಪಾಟ್ಲಿ ಒತ್ತೆಯಿಟ್ಟ ಅರವತ್ತು ಸಾವಿರ ಎಣಿಸಿಕೊಂಡವನು
‘ಕಾಗದದಾಗ ಏನಿದ್ರೇನು, ಕೆಲಸ ಲಿಫ್ಟಿಂದ’ ಅಂದಿದ್ದ.
ಸುಳ್ಳು ಹೇಳಿರಲಿಲ್ಲ ಮಹಾರಾಯ.
ಕೆಲಸ ಲಿಫ್ಟಿನದೇ ಇತ್ತು. ಸಂಬಳ ಕಸಬರಿಗೆಯದು.

‘ಆ ನಾಲ್ಕು ವರ್ಷ ಬಿಟ್ಟುಬಿಡೋಣ,’ ಅಂದರು ಮೇಡಂ,
‘ಇಲ್ಲಾ, ಸಾಕ್ಷಿ ತನ್ನಿ.’
ದನಿಯಲ್ಲಿ ಮೋಸವಿರಲಿಲ್ಲ. ಅದೇ ಕಷ್ಟ.
ಮೋಸವಿದ್ದರೆ ಎದ್ದು ಬರುವುದು ನನಗೆ ಗೊತ್ತು.

ರಾತ್ರಿ ಕಸ್ತೂರಿ ಕಾಜ ಹೊಲಿಯುತ್ತ ಕೇಳಿದಳು,
‘ಫಾರ್ಮು ತುಂಬಾಕ ಬರಂಗಿಲ್ಲೇನು ನಿನಗ?
ಸರ್ಕೀಟು ಓದ್ತಿ, ಇದನ್ನ ಓದಾಕ ಏನು ಧಾಡಿ?’
ತುಸು ಹೊತ್ತಿಗೆ ತಾನೇ:
‘ಒಂದು ತಪ್ಪಾದ್ರ ಮುಗೀತಂತ ಮತ್ತ.
ಕೊಟ್ಟುಬಿಡು ಆಕಿಗೆ.’
ಇನ್ನೂ ತುಸು ಹೊತ್ತಿಗೆ ದಾರ ಹಲ್ಲಿನಿಂದ ಕಡಿದು,
‘ಒಂಬೈನೂರ ಎಂಬತ್ತು!’

ಶುಕ್ರವಾರ, ನಮಾಜಿನ ಹೊತ್ತು, ವಾದಿ ಕಬೀರಿನ ಆ ಹಳೇ ಕಟ್ಟಡಕ್ಕೆ ಹೋದೆ.
ವಾಚ್‌ಮನ್ ಬದಲಾಗಿದ್ದ, ಬೀಗ ಬದಲಾಗಿರಲಿಲ್ಲ.
ತಾರಸಿಯ ಮಶೀನ್ ರೂಮಿನಲ್ಲಿ ಅದೇ ಗ್ರೀಸಿನ ಕಾವು.
ಪ್ಯಾನಲ್ ಬಾಗಿಲ ಒಳಮೈಗೆ ತಂತಿಯಲ್ಲಿ ಕಟ್ಟಿದ ಸರ್ವೀಸು ಕಾರ್ಡುಗಳು.
ಧೂಳು ಊದಿದೆ.

ತಿಂಗಳಿಗೊಂದು ತಾರೀಖು. ಬ್ರೇಕು ನೋಡಿದ್ದು. ಹಗ್ಗ ಬದಲಿಸಿದ್ದು.
ಪಕ್ಕದಲ್ಲಿ ಪ್ರತಿ ಸಾಲಿಗೂ ಒಂದೇ ಅಕ್ಷರ: ಫ.
ಫಕೀರಪ್ಪನ ಫ.
ಇಪ್ಪತ್ನಾಲ್ಕು ವಯಸ್ಸಿಗೆ ನನಗೆ ಇಂಗ್ಲಿಷ್ ಸಹಿ ಬರುತ್ತಿತ್ತು.
ಯಾಕೆ ಮಾಡಲಿಲ್ಲವೋ.
ಕ್ಲೀನರಿಗೆ ಯಾರು ಸಹಿ ಕೇಳುತ್ತಾರೆ ಅಂತಲೋ,
ಗದಗಿನ ಐಟಿಐಯಲ್ಲಿ ಕಲಿತ ಕೈ
ಮೇಲೆ ಒಂಟಿಯಾಗಿದ್ದಾಗ ತನ್ನಷ್ಟಕ್ಕೆ ತಾನು ಬರೆಯಿತೋ.

ನಲವತ್ತೇಳು ಫ. ಒಂದು ತಿಂಗಳು ಇಲ್ಲ.
ಆ ತಿಂಗಳು ಟೈಫಾಯಿಡಿತ್ತು.

ಎಲ್ಲದರ ಫೋಟೋ ತೆಗೆದೆ.
ಮೆಲ್ಬೋರ್ನಿನ ಯಾವುದೋ ಮೇಜಿನಲ್ಲಿ ಕೂತವರಿಗೆ
ಈ ಸುತ್ತಿಕೊಂಡ ಗೆರೆ ಹುಳದಂತೆ ಕಂಡೀತು.
ಅದು ಅಕ್ಷರ, ಅದು ನಾನು, ಅಂತ
ನಾನೇ ಬರೆಯುವುದೋ,
ಬರೆಯುವುದು ಹೇಗೆಂದು ಬಲ್ಲವಳಿಗೆ ದುಡ್ಡು ತೆತ್ತು ಹೇಳಿಸುವುದೋ?
ದುಡ್ಡು ಅಕ್ಕಿ ಡಬ್ಬಿಯಲ್ಲಿದೆ. ಹಾಳೆ ಜೇಬಿನಲ್ಲಿದೆ.
ನೀರಿನ ಟಾಕಿಯ ನೆರಳಿಗೆ ಕೂತು, ಮೊಣಕಾಲ ಮೇಲೆ ಹಾಳೆಯಿಟ್ಟು
‘ನಾನು ಲಿಫ್ಟ್ ರಿಪೇರಿ ಮಾಡುವವನು’ ಅಂತ ಒಂದು ಸಾಲು ಬರೆದೆ.
ಓದಿದೆ. ‘ಮೊದಲ ದಿನದಿಂದಲೂ’ ಅಂತ ಸೇರಿಸಿದೆ.

ಅಷ್ಟರಲ್ಲಿ ಫೋನು.
ದಾರ್‌ಸೈತಿನ ಫ್ಲ್ಯಾಟಿನಲ್ಲಿ ಮೂರಕ್ಕೂ ನಾಲ್ಕಕ್ಕೂ ನಡುವೆ
ಯಾರೋ ಸಿಕ್ಕಿಬಿದ್ದಿದ್ದಾರೆ.
ಬಾಗಿಲು ಬಡಿಯುವ ಸದ್ದು, ಒಂದು ಹೆಂಗಸಿನ ಏದುಸಿರು.
‘ಬಾಗಿಲು ಎಳೆಯಬೇಡಿ ತಾಯೀ,’ ಅಂದೆ,
ಯಾವ ಭಾಷೆಯಲ್ಲಿ ಅಂದೆನೋ,
‘ಗಾಳಿ ಸಾಕಷ್ಟಿದೆ. ಕೂತ್ಕೊಳ್ಳಿ. ಬರ್ತಾ ಇದ್ದೀನಿ.’