ಮುಕ್ಕಾದ ಳ

ಶಾಲ್ಮಲಾ ಅಂತ, ಧಾರವಾಡದಾಕಿ,
ಬೆಟಗೇರಿ ಓಣಿ ಓಣಿ ಕೇಳಿಕೋತ ಮನೀಗೆ ಬಂದ್ಲು.
ಪ್ಲಾಸ್ಟಿಕ್ ಚೀಲದಾಗ ಒಂದು ಲಗ್ನಪತ್ರಿಕೆ,
ಅರಿಷಿಣ ಮಾಸಿ ಚಹಾದ ಬಣ್ಣ ಆದದ್ದು.
“ನಮ್ಮ ಅಜ್ಜೀದ್ರಿ. ಇದರ ಅಕ್ಷರ ಎತ್ತಿ
ಕಂಪ್ಯೂಟರಿಗೆ ಫಾಂಟ್ ಮಾಡೇನಿ, ಭಾಳ ಮಂದಿ ತೊಗೊಂಡಾರ.
ಕೆಳಗ ಪ್ರೆಸ್ಸಿನ ಹೆಸರಿತ್ತು.
ಮೊಳೆ ಜೋಡಿಸಿದವರು ನೀವ ಅಂತಲ್ರಿ?”

ನಾನ.
ರಂಗನಾಥಸಾ ಬಾಕಳೆಯವರ ಪ್ರೆಸ್ಸು,
ಎರಡು ಟ್ರೆಡಲ್, ಒಂದು ನಿಂತ ಗಡಿಯಾರ, ಒಬ್ಬ ನಾನು.
ಪತ್ರಿಕೆ ಬಿಚ್ಚಿದೆ. ಕಣ್ಣು ಹೋಗಿ ನಿಂತದ್ದು
‘ಬಂಧು ಬಳಗ’ದ ನಟ್ಟನಡುವ:
ಳ. ಕೊಂಡಿಯ ತುದಿ ಮುಕ್ಕು.

“ಅದ, ಅದಕ್ಕರಿ ನಾ ಮರುಳಾದದ್ದು!
ಚೊಕ್ಕ ಮೂಡಿದ್ದು ಅದೊಂದ ಳ, ಅದನ್ನ ಎಲ್ಲಾ ಕಡೆ ಇಟ್ಟೆ.
ಆ ಕಾಲದ ಕೈ ನೋಡ್ರಿ,
ಪೂರಾ ಮುಗಸದ ಬಿಡೂದರಾಗ ಏನ ಸೊಗಸು!”

ಏನ ಹೇಳಲಿ.

ಹದಿನಾಕು ವರ್ಷ ನನಗ. ರಾತ್ರಿ ಪಾಳಿ.
ನಿಂತಲ್ಲೇ ಕಣ್ಣು ಹತ್ತಿ, ಸ್ಟಿಕ್ ಜಾರಿ,
ಶಾಬಾದಿ ಕಲ್ಲಿನ ಮ್ಯಾಲ ಸೀಸ ಚೆಲ್ಲಾಪಿಲ್ಲಿ.
ಮಾಲಕರು ಬೈಲಿಲ್ಲ, ಪಗಾರದಾಗ ಎಂಟಾಣೆ ಹಿಡದ್ರು.
ಆ ಅಳತೆಯ ಳ ಇದ್ದದ್ದ ಏಳು.
ಒಂದು ಒಗದರ ಕೆಲಸ ನಿಂತೀತು.
ಹಿಂಗಾಗಿ ಅದಕ್ಕೂ ಒಂದು ಉದ್ಯೋಗ ಹಚ್ಚಿದೆ:
ಹಳೆ ಬಾಕಿ ಯಾರು ತೀರಿಸಿಲ್ಲೋ, ಅವರ ಹಾಳಿಗೆ ಅದು.
ಮಾಲಕರಿಗೆ ಗೊತ್ತಿಲ್ಲ, ಗಿರಾಕಿಗೆ ಕಾಣೂದಿಲ್ಲ.
ನನಗೂ ಆ ಳಕ್ಕೂ ಅಷ್ಟ ಗೊತ್ತು,
ಗದಗಿನ್ಯಾಗ ಯಾರ ಮದವಿ ಉದ್ರಿ ಮ್ಯಾಲ ನಡದೈತಿ ಅಂತ.

ಪ್ರೆಸ್ಸು ಮುಚ್ಚಿದ ವರ್ಷ ಗುಜರಿಯವ ಬಂದ,
ಕಿಲೋ ಲೆಕ್ಕಕ್ಕ ಎಲ್ಲಾ ಸುರುವಿಕೊಂಡ.
ಕ ದಿಂದ ಹಿಡದು ಎಲ್ಲಾ,
ಚೊಕ್ಕ ಇದ್ದ ಆರು ಳ ಸಹಿತ.

“ಬರ್ರಿ ಅಜ್ಜಾ, ತೋರಸ್ತೀನಿ” ಅಂತ
ಬಸ್ಸಿನ್ಯಾಗ ಕೂಡಿಸಿಕೊಂಡು ವಿದ್ಯಾನಗರಕ್ಕ ಒಯ್ದಳು.
ಅಂಗಡಿ ಹೆಸರು: ಹಳೇ ಹುಬ್ಬಳ್ಳಿ ಕಾಫಿ.
(ಖರೆ ಹಳೇಹುಬ್ಬಳ್ಳಿಗೆ ಅಲ್ಲಿಂದ ಇನ್ನೊಂದು ಆಟೊ.)
ಹೊಲಿಗಿ ಮಷೀನಿನ ಕಾಲಿಗೆ ಟೇಬಲ್ಲಾಗೋ ಯೋಗ.
ಕರಳಿಲ್ಲದ ರೇಡಿಯೋ. ಎಲ್ಇಡಿ ಬಲ್ಬಿನೊಳಗ
ತಂತಿ ಉರಿಯೋ ಸೋಗು.
ನೀಲಿ ಅಂಚಿನ ಜರ್ಮನ್ ಕಪ್ಪು ಹೊಚ್ಚ ಹೊಸಾದು,
ಅಲ್ಲಲ್ಲೆ ಎನಾಮಲ್ ಹಾರಿದ್ದು ಕಾರಖಾನೆಯಾಗನ.

ಗ್ವಾಡಿ ಮ್ಯಾಲ, ಮೆನುವಿನ್ಯಾಗ, ಹುಡುಗನ ಟೀಶರ್ಟಿನ ಎದಿ ಮ್ಯಾಲ
ಆಳೆತ್ತರ, ಬೊಟ್ಟಿನಷ್ಟು, ಕೆಂಪು, ಹಸರು
ಮುಕ್ಕಾದ ಳ.
ಗೆಳೆಯ ಅನ್ನೂದರಾಗ. ಒಗ್ಗರಣೆ ಅವಲಕ್ಕಿ, ಬಾಳೆಹಣ್ಣಿನ ಬನ್ಸು ಅನ್ನೂದರಾಗ.
ಹಳೇ ಅನ್ನೂದರಾಗಂತೂ
ಅದಿಲ್ಲದ ಆಗೂದಿಲ್ಲ.

ಸಿಟ್ಟು ಬರಬೇಕಿತ್ತು, ಬರಲಿಲ್ಲ.
ಬಾಜೂಕ ಒಂದು ಕೂಸು, ಕಾಫಿ ಚೆಲ್ಲಿದ ನೀರಾಗ ಬೊಟ್ಟು ಅದ್ದಿ
ಮೆನು ನೋಡಿ ನೋಡಿ ಬರೀತಿತ್ತು,
ತುದೀಗೆ ಬಂದು ಗಪ್ಪನ ಕೈ ಎತ್ತತಿತ್ತು,
ನನ್ನ ನಿದ್ದಿ ಎಲ್ಲಿ ಮುರದಿತ್ತೋ ಅಲ್ಲೇ.

ಕಾಫಿ ಒಂದಕ್ಕ ತೊಂಬತ್ತು ರೂಪಾಯಿ. ಆಕೀನ ಕೊಟ್ಲು.
ಅವರ ಅಜ್ಜಿಯ ಅಪ್ಪಂದು, ನೆನಪೈತಿ, ಬಾಕಿ ಏಳು ರೂಪಾಯಿ.
ಮನಸಿನ್ಯಾಗ ಕಾಟು ಹಾಕಿದೆ, ಬಾಯಿ ಬಿಡಲಿಲ್ಲ.
ಬಿಟ್ಟಿದ್ದರ ಲೆಕ್ಕ ದೊಡ್ಡದಾಗತಿತ್ತು:
ಇಷ್ಟು ಬೋರ್ಡು, ಇಷ್ಟು ಎದಿ,
ಇಡೀ ಹುಬ್ಬಳ್ಳಿ ಈಗ ನನಗ ಬಾಕಿ.

ಸಂಜೀ ಬಸ್ಸಿಗೆ ಒಬ್ಬನ ಹೊಳ್ಳಿ ಬಂದೆ.
ಅಣ್ಣಿಗೇರಿ ದಾಟಿದ ಮ್ಯಾಲ ಎದುರು ದಿಕ್ಕಿನ ಹಸರು ಬೋರ್ಡು
ಹಿಂದ ತಿರುಗಿ ಓದಿದೆ: ಹುಬ್ಬಳ್ಳಿ.
ಸರಕಾರದ ಳ, ಕೊಂಡಿ ಪೂರಾ, ಸಾಪು ಸಾಪು.
ಯಾರದೋ ಏನೋ
ಅಂತ ಅನಿಸ್ತು.