ಎರಡು ಪುಸ್ತಕ

ಒಂದೇ ಸೂರಿನಡಿ ರಾತ್ರಿ ಕಳೆಯಕೂಡದು
ಚರ್ಚಿನ ಎರಡು ಪುಸ್ತಕ, ಹಾಗಿತ್ತು ರಾಜಾಜ್ಞೆ.
ಬೆಂಕಿ ಬಿದ್ದರೆ ಒಂದಾದರೂ ಉಳಿಯಲೆಂದು
ಒಂದು ಪಾದ್ರಿಯ ಮನೆಗೆ, ಇನ್ನೊಂದು ಶಾಲೆ ಮೇಷ್ಟ್ರ ಮನೆಗೆ.

ಮೊದಲ ವಾರ ಅಕ್ಷರಗಳೇ ಒಲಿಯಲಿಲ್ಲ.
ಗೋಥಿಕ್ ಮೋಡಿ, ಹೆರಿಂಗ್ ಮೀನಿನ ಮುಳ್ಳು,
ನುಂಗಲೂ ಆಗದು, ಉಗಿಯಲೂ ಆಗದು.
ಹೆಸರುಗಳೂ ನಿಲ್ಲುವುದಿಲ್ಲ:
ಪೋಲನ ಮಗಳು ಪೋಲ್ಸ್‌ಡಾಟರ್,
ಅವಳ ಮಗ ಮತ್ಯಾರದೋ ಸೆನ್.

ಕೊನೆಗೆ ಸಿಕ್ಕಳು ಸಿಡ್ಸೆಲ್.
೧೮೨೬, ಫೆಬ್ರವರಿ. ಗಂಡು ಮಗು, ಗ್ರೇಗರ್ಸ್.
ತಂದೆ: ಗೊತ್ತಿಲ್ಲ.
ಪಾದ್ರಿಯ ಮಸಿ ಅಲ್ಲಿ ಒಂದಿಷ್ಟೂ ನಡುಗಿಲ್ಲ.

ಮೇಷ್ಟ್ರ ಪುಸ್ತಕ ತೆರೆದೆ.
ಅದೇ ತಾರೀಖು, ಅದೇ ಮಗು,
ತಂದೆಯ ಅಂಕಣದಲ್ಲಿ ಒಂದು ‘ಲ’,
ಆಮೇಲೆ ಮಸಿಯ ಬೊಟ್ಟು,
ಆಮೇಲೆ, ಗೊತ್ತಿಲ್ಲ.

ಪುಟದ ಕೆಳಗೆ, ಪ್ರತಿ ಸರಿಯಿದೆಯೆಂದು ಸಹಿ:
ಲೌಸ್ಟ್ ವಿಲ್ಲಡ್ಸೆನ್, ಶಾಲೆ ಮೇಷ್ಟ್ರು.
ಎರಡು ‘ಲ’ಗಳ ಬಾಲವೂ ಎಡಕ್ಕೇ ಸುತ್ತಿದೆ.

ಲಾರ್ಸ್ ಇರಬಹುದು, ಲೊರೆನ್ಸ್ ಇರಬಹುದು.
ಬರೆದ ಕೈ ಒಂದೇ ಆದಮೇಲೆ
ಬಾಲ ಇನ್ಹೇಗೆ ಸುತ್ತೀತು?

ರಾತ್ರಿ ಅಣ್ಣ ಫೋನಿನಲ್ಲಿ ಕೇಳಿದ, ಯಾರಂತೆ?
ನಾನೂ ಅಂದೆ, ಗೊತ್ತಿಲ್ಲ.
ವಂಶವೃಕ್ಷದ ಆ ಚೌಕದಲ್ಲಿ
ನನ್ನ ಪೆನ್ಸಿಲ್ಲು ಆಗಲೇ ಒಂದು ಬೊಟ್ಟು ಊರಿತ್ತು.
ಅಳಿಸಲಿಲ್ಲ.